ಸಭೆಯ ಹಾಡು

ಪ್ರೊಟೆಸ್ಟಂಟ್ ಸಭೆಯ ಹಾಡಿಗೆ ಕೇಳುಗರೆಂಬವರು ಇಲ್ಲ, ಬಂದವರೆಲ್ಲ ಹಾಡುವವರೇ. ಈ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಹದಿನಾರನೆಯ ಶತಮಾನದ ಜರ್ಮನಿಯಲ್ಲಿ. ದೇವರ ಕೃಪೆ ಪುಣ್ಯ ಕೂಡಿಹಾಕಿ ಗಳಿಸುವ ಸೊತ್ತಲ್ಲ, ನಂಬಿದವರಿಗೆ ಪುಕ್ಕಟೆ ಸಿಗುವ ದಾನ ಎಂಬುದು ಮಾರ್ಟಿನ್ ಲೂಥರರ ಬೋಧನೆಯ ತಿರುಳು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ತೆರುವ ಹಾಗಿಲ್ಲ, ಸಂತೋಷಪಡಬೇಕಷ್ಟೆ. ಸಂತೋಷಪಟ್ಟವರು ಬಾಯಿ ಮುಚ್ಚಿಕೊಂಡಿರುವುದೂ ಕಷ್ಟ. ಲೂಥರ್ ಜನರ ಮಾತಿನಲ್ಲಿಯೇ ಗೀತೆ ಬರೆದರು. 1524ರ ಹೊತ್ತಿಗೆ ಎಂಟು ಗೀತೆಗಳ ಪುಟ್ಟ ಪುಸ್ತಕವೊಂದು ಅಚ್ಚಾಗಿತ್ತು. ಅವುಗಳಲ್ಲಿ ನಾಲ್ಕು ಅವರವೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಹಾಡಿನ ಪರಂಪರೆಯನ್ನೂ ಜೊತೆಗೆ ತಂದರು. ಧಾಟಿ ತರುವುದು ಸುಲಭ, ಅದರೊಳಗೆ ಕನ್ನಡವನ್ನು ಕೂರಿಸುವುದು ಕಷ್ಟ. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ, ಕನ್ನಡ ಪದ್ಯ ನಡೆಯುವುದು ಲಘು ಗುರುಗಳ ಅಳತೆಯ ಮೇಲೆ. ಅಲ್ಲಿ ಒಂದೆರಡು ಅಕ್ಷರಕ್ಕೆ ಮುಗಿಯುವ ಮಾತು ಇಲ್ಲಿ ಪ್ರತ್ಯಯ ಸೇರಿ ನಾಲ್ಕೈದು ಅಕ್ಷರಕ್ಕೆ ಬೆಳೆಯುತ್ತದೆ. ಹಾಗಾಗಿ ಅನುವಾದದ ಗೀತೆಗಳಲ್ಲಿ ಕೆಲವೆಡೆ ಹ್ರಸ್ವವನ್ನು ಎಳೆಯಬೇಕು, ದೀರ್ಘವನ್ನು ನುಂಗಬೇಕು. ಲಾಭವೂ ಉಂಟು. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ದನಿ ನಿಲ್ಲಿಸುವಾಗ ಬಾಯಿ ತುಂಬ ತೆರೆದಿರುತ್ತದೆ. ವ್ಯಂಜನಕ್ಕೆ ತುಟಿ ಬಿಗಿಯುವ ಭಾಷೆಗಳಿಗೆ ಈ ಸುಖವಿಲ್ಲ. ಫರ್ಡಿನಾಂಡ್ ಕಿಟೆಲ್ ಬೇರೆಯೇ ಹಾದಿ ಹಿಡಿದು, ಕ್ರಿಸ್ತನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿಗೇ ತಂದು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ನಿಘಂಟಿನ ಕಿಟೆಲ್ಲರನ್ನು ನಾಡು ಮೆರೆಸಿತು. ಪದ್ಯ ಕಟ್ಟಿದ ಕಿಟೆಲ್ಲರಿಗೆ ಅಷ್ಟು ಅದೃಷ್ಟವಿಲ್ಲ.

ಭಾನುವಾರದ ಆರಾಧನೆಯಲ್ಲಿ ಅಂದಿನ ಗೀತೆಗಳ ಸಂಖ್ಯೆಗಳು ಹಲಗೆಯ ಮೇಲೆ ಮೊದಲೇ ಕಾಣುತ್ತವೆ. ಹಳಬರಿಗೆ ಸಂಖ್ಯೆ ಕಂಡರೆ ಸಾಕು, ಧಾಟಿ ನಾಲಗೆಗೆ ಬಂದಿರುತ್ತದೆ. ಆರ್ಗನ್ ಒಂದು ಸಾಲು ನುಡಿಸುತ್ತಿದ್ದಂತೆ ಸಭೆ ಎದ್ದು ನಿಲ್ಲುತ್ತದೆ. ಮುಖ್ಯ ಧಾಟಿ ಸೋಪ್ರಾನೊದ್ದು. ಆಲ್ಟೊ ಅದರ ಕೆಳಗೆ ಹೆಚ್ಚು ಕದಲದೆ ನಡೆಯುತ್ತದೆ. ಗಂಡುದನಿಗಳಲ್ಲಿ ಟೆನರ್ ಮೇಲೆ, ಬಾಸ್ ತಳದಲ್ಲಿ. ಒಂದೇ ಎಳೆ ಹಿಡಿದು ಬೆಳೆಯುವ ಸಂಗೀತಕ್ಕೆ ಒಗ್ಗಿದ ಕಿವಿಗೆ ಇದು ಮೊದಮೊದಲು ಗದ್ದಲವೇ. ಕೇಳುತ್ತ ಹೋದಂತೆ ಬಾಸ್‌ನ ಮಹಿಮೆ ತಿಳಿಯುತ್ತದೆ. ಆ ಸಾಲಿನಲ್ಲಿ ನಿಂತವರಿಗೆ ಮನೆಗೆ ಹೋಗಿ ಗುನುಗುವಂಥದ್ದೇನೂ ಸಿಗುವುದಿಲ್ಲ. ಕೆಲವೇ ಸ್ವರಗಳ ನಡುವೆ ಹತ್ತಿ ಇಳಿದು ಗೀತೆ ಮುಗಿಸುತ್ತಾರೆ. ಅವರು ಸುಮ್ಮನಾದರೆ ಮಾತ್ರ ಉಳಿದ ಮೂರೂ ಪೊಳ್ಳು. ಇನ್ನು ಧ್ವನಿವಿಭಾಗದ ಗೊಡವೆಯೇ ಇಲ್ಲದೆ ತಮಗೆ ಬಂದ ಸ್ಥಾಯಿಯಲ್ಲಿ ಹಾಡುವವರೇ ಎಲ್ಲೆಡೆ ಬಹುಮಂದಿ. ಶ್ರುತಿ ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ. ಗಾಯಕ ತಂಡ ತೀರ ಚೆನ್ನಾಗಿ ಹಾಡಿದರೇ ಅಪಾಯ, ಜನ ಬಾಯಿ ಮುಚ್ಚಿ ಕೇಳತೊಡಗುತ್ತಾರೆ.

ಕೃಪೆಯ ಹಾಡೆಂದರೆ ಥಟ್ಟನೆ ನೆನಪಾಗುವ ‘ಅಮೇಜಿಂಗ್ ಗ್ರೇಸ್’ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಮುಂದೆ ಪಾದ್ರಿಯಾದ ಜಾನ್ ನ್ಯೂಟನ್ನರದು. ಅದಕ್ಕೆ ಇಂದಿನ ಧಾಟಿ ಕೂಡಿದ್ದು 1835ರಲ್ಲಿ, ಅಮೆರಿಕದ ವಿಲಿಯಂ ವಾಕರ್ ತಂದ ಗೀತಪುಸ್ತಕದಲ್ಲಿ. ಧಾಟಿಯಲ್ಲಿರುವುದು ಐದೇ ಸ್ವರ: ಸ ರಿ ಗ ಪ ದ. ಮೋಹನಕ್ಕೂ ಭೂಪಕ್ಕೂ ಇವೇ ಸ್ವರಗಳು. ರಾಗದ ನಡೆ ಬೇರೆಯಾದರೂ ಕನ್ನಡದ ಕಿವಿಗೆ ಅದು ಹೊರಗಿನದೆನಿಸದಿರಲು ಇದೂ ಒಂದು ಕಾರಣವಿರಬೇಕು.

ಎಲ್ಲ ಸಭೆಗಳೂ ನಾಲ್ಕು ಧ್ವನಿಗಳಲ್ಲಿ ಹಾಡುವುದಿಲ್ಲ. ಹಳ್ಳಿಗಳ ಸಭೆಗಳಲ್ಲಿ ಭಜನೆಯ ದಾರಿ ಹೆಚ್ಚು ಬಳಕೆಯದು: ಹಾರ್ಮೋನಿಯಂ, ಢೋಲಕ್, ತಾಳ, ಒಬ್ಬರು ಸಾಲು ಎತ್ತಿದರೆ ಉಳಿದವರು ತಿರುಗಿ ಹಾಡುತ್ತಾರೆ. ಪುಸ್ತಕ ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಸಂತೋಷವನ್ನು ಕೈ, ತಲೆ, ಭುಜಗಳೂ ಹಂಚಿಕೊಳ್ಳುತ್ತವೆ. ಕಥೋಲಿಕರಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಮ್ಮೇಳನದ ಬಳಿಕ ಬಲಿಪೂಜೆಯ ಲ್ಯಾಟಿನ್ ಬಹುಮಟ್ಟಿಗೆ ಹಿಂದೆ ಸರಿದು, ಕನ್ನಡ, ಕೊಂಕಣಿಗಳ ಹಾಡುಗಳಿಗೆ ಬಾಗಿಲು ಅಗಲವಾಗಿ ತೆರೆಯಿತು. ಈಚಿನ ಯುವಕರಿಗೆ ಗಿಟಾರ್, ಡ್ರಮ್ಸ್, ಪರದೆಯ ಮೇಲೆ ಮೂಡುವ ಸಾಲುಗಳು. ಪುಸ್ತಕ ಹಿಡಿಯದ ಕೈಗಳು ಚಪ್ಪಾಳೆಗೆ ಸಿಗುತ್ತವೆ ನಿಜ. ಆದರೆ ಪುಟ ತಿರುವುವಾಗ ಕಣ್ಣಿಗೆ ಬೀಳುತ್ತಿದ್ದ ಪಕ್ಕದ ಗೀತೆಗಳು ಮರೆಯಾಗುತ್ತವೆ.

ಡಿಸೆಂಬರ್ ಬಂದರೆ ಹಾಡು ದೇವಾಲಯದ ಅಂಗಳ ದಾಟುತ್ತದೆ. ತಂಡಗಳು ರಾತ್ರಿ ಮನೆಮನೆಗೆ ಹೋಗಿ ಕ್ಯಾರಲ್ ಹಾಡುತ್ತವೆ. ಮನೆಯವರು ಚಹಾ, ಕೇಕು ಕೊಡದೆ ಕಳಿಸುವುದಿಲ್ಲ. ಕ್ರಿಸ್ಮಸ್ ಬೆಳಿಗ್ಗೆಯ ಹೊತ್ತಿಗೆ ಹಾಡುಗಾರರಲ್ಲಿ ಹಲವರ ಗಂಟಲು ಕಟ್ಟಿರುತ್ತದೆ. ಅಂದಿನ ಗೀತೆಗಳನ್ನು ಬೆಂಚುಗಳ ಸಾಲಿನವರೇ ಎತ್ತಿ ಹಾಡಿ ಮುಗಿಸುತ್ತಾರೆ.