ಕ್ಯೂಗಾಗಿ ಕ್ಯೂ

ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದವರು, ಟೆಲಿಫೋನಿಗೆ ಅರ್ಜಿ ಹಾಕಿ ಮಗಳ ಮದುವೆಯ ಹೊತ್ತಿಗಾದರೂ ಬಂದೀತೇನೋ ಎಂದು ಹಾರೈಸಿದವರು ಊರೂರಿನಲ್ಲೂ ಇನ್ನೂ ಇದ್ದಾರೆ. ಈಗಿನ ಮಕ್ಕಳಿಗೆ ಅದು ಅಜ್ಜಿಕಥೆ. ಕೈಯಲ್ಲಿ ಹಣವಿದ್ದೂ ವಸ್ತು ಸಿಗದಿರುವುದೆಂದರೇನೆಂದು ಅವರಿಗೆ ತಿಳಿಯದು. ಆದರೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಒಂದು ಮರದ ಕೋಲಿಗಾಗಿ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಕುಶಲಕರ್ಮಿ ಹೆಸರಾಂತನಾಗಿದ್ದರೆ ಕಾಯುವ ಅವಧಿ ವರ್ಷವನ್ನೂ ಮೀರುವುದುಂಟು. ಅದು ಸ್ನೂಕರ್ ಆಟದ ಕೋಲು, ಹೆಸರು ಕ್ಯೂ. ರೇಷನ್ ಅಂಗಡಿಯ ಮುಂದಿನ ಸಾಲಿಗೂ ಕ್ಯೂ ಎಂದೇ ಹೆಸರಲ್ಲವೆ? ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಬೇರೆ; ಮೂಲ ಮಾತ್ರ ‘ಬಾಲ’ ಎಂಬ ಅರ್ಥದ ಒಂದೇ ಫ್ರೆಂಚ್ ಪದ.

ಸ್ನೂಕರ್ ಭಾರತಕ್ಕೆ ಹೊರಗಿನದೇನಲ್ಲ. 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿಯ ಬಳಗ ಕಂಡುಕೊಂಡ ಆಟವಿದು. ಮುಂದೆ ಊಟಿಯ ಕ್ಲಬ್ಬಿನಲ್ಲಿ ಅದಕ್ಕೆ ಲಿಖಿತ ನಿಯಮಗಳಾದವು. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, 18ರ ವಯಸ್ಸಿಗೇ, ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದ ಮೇಲಂತೂ ಆಟದ ಹೆಸರು ಇಲ್ಲಿ ಮನೆಮಾತಾಯಿತು.

ನೋಡಲು ಕ್ಯೂ ತೀರಾ ಸಾದಾ. ನಾಲ್ಕೂಮುಕ್ಕಾಲು ಅಡಿ ಉದ್ದ, ಅರ್ಧ ಕಿಲೋ ಆಸುಪಾಸಿನ ತೂಕ. ತುದಿಯಲ್ಲಿ ಹಿತ್ತಾಳೆಯ ಪುಟ್ಟ ಬಳೆ, ಅದರ ಮೇಲೆ 9-10 ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆ. ಇಷ್ಟಕ್ಕೆ ಇಷ್ಟೊಂದು ಗಡಿಬಿಡಿ ಏಕೆ? ಒಂದು ಲೆಕ್ಕ ಮಾಡಬಹುದು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್. ಮೇಜು 12 ಅಡಿ ಉದ್ದ. ಹೊಡೆದ ಚೆಂಡಿನ ದಿಕ್ಕು ಬರೀ ಅರ್ಧ ಡಿಗ್ರಿ ತಪ್ಪಿದರೂ 3 ಮೀಟರ್ ಸಾಗುವಷ್ಟರಲ್ಲಿ ಅದು 26 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ, ಅಂದರೆ ಅರ್ಧ ಚೆಂಡಿನಷ್ಟು. ಕೋಲು ಕಣ್ಣಿಗೆ ಕಾಣದಷ್ಟು ಸೊಟ್ಟಗಿದ್ದರೂ ಆಟಗಾರನ ಕೈ ಅದನ್ನು ಸರಿದೂಗಿಸಲು ಹೆಣಗಬೇಕಾಗುತ್ತದೆ.

ಕೋಲಿನ ಮುಂಭಾಗಕ್ಕೆ ಸಾಮಾನ್ಯವಾಗಿ ಆಶ್ ಅಥವಾ ಮೇಪಲ್ ಮರ. ಆಶ್ ಮರದ ಉಂಗುರಗಳು ಸ್ಪಷ್ಟ. ವಸಂತದಲ್ಲಿ ಬೆಳೆದ ಭಾಗದಲ್ಲಿ ನೀರು ಸಾಗಿಸುವ ದೊಡ್ಡ ನಾಳಗಳಿರುತ್ತವೆ; ಆಮೇಲೆ ಬೆಳೆದ ಭಾಗ ಗಟ್ಟಿ. ಹಲಗೆಯಲ್ಲಿ ಈ ಉಂಗುರಗಳು ಒಂದರ ಮೇಲೊಂದು ಜೋಡಿಸಿದ ತೆಳು ಪದರಗಳಂತೆ ತೋರುತ್ತವೆ. ಆ ಹಲಗೆಯನ್ನು ತುದಿಯ ಕಡೆಗೆ ಸಣ್ಣಗಾಗುವಂತೆ ಕೀಸಿದಾಗ ಪದರಗಳು ಒಂದೊಂದಾಗಿ ಹೊರಬಿದ್ದು ಬಾಣದ ಮೊನೆಯಂಥ ಗೆರೆಗಳಾಗುತ್ತವೆ. ಎಲ್ಲ ಬಾಣಗಳೂ ತುದಿಯತ್ತಲೇ ಮುಖ ಮಾಡಿರುತ್ತವೆ. ಕೋಲನ್ನು ಪ್ರತಿ ಸಲವೂ ಒಂದೇ ರೀತಿ ಹಿಡಿಯಲು ಈ ಗೆರೆಗಳೇ ಗುರುತು ಎಂದು ಅನೇಕ ಆಟಗಾರರು ಅವು ಮೇಲೆ ಬರುವಂತೆ ಹಿಡಿಯುತ್ತಾರೆ. ಇದರಲ್ಲಿ ಚಿತ್ತಾರಗಾರನ ಕೈವಾಡವೇನೂ ಇಲ್ಲ. ಕ್ಯೂ ಎಂದರೆ ಬಹಳ ಉದ್ದನೆಯ ಒಂದು ಶಂಕು. ಅಕ್ಷಕ್ಕೆ ಸಮಾನಾಂತರವಾದ ಸಮತಲ ಶಂಕುವನ್ನು ಕತ್ತರಿಸಿದರೆ ಅತಿಪರವಲಯ ಬರುತ್ತದೆಂದು ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರಲ್ಲ, ಅದೇ ಇದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿದ್ದ ರೇಖೆ ಇಲ್ಲಿ ಮರದ ಮೇಲೆ ತಾನಾಗಿ ಮೂಡಿರುತ್ತದೆ.

ಹಿಂಭಾಗದ ಕೆಲಸ ಇನ್ನೂ ಸೂಕ್ಷ್ಮ. ಅಲ್ಲಿ ಭಾರ ಬೇಕು. ಅದಕ್ಕಾಗಿ ನೀರಿಗೆ ಹಾಕಿದರೆ ಮುಳುಗುವಷ್ಟು ಸಾಂದ್ರವಾದ ಕರಿಮರ, ಅಂದರೆ ಎಬೊನಿ. ಮೈಸೂರಿನ ಕೆತ್ತನೆ ಪೆಟ್ಟಿಗೆಗಳಿಂದ ಪರಿಚಿತವಾದ ಬೀಟೆಯನ್ನೂ ಬಳಸುವುದುಂಟು. ಆಶ್ ಕೋಲಿನ ಬುಡದ ನಾಲ್ಕು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಮಾಡಿ, ಎದುರುಬದುರಿನ ಎರಡಕ್ಕೆ ಮೊದಲು ಕರಿಮರದ ಪಟ್ಟಿ ಅಂಟಿಸುತ್ತಾರೆ. ಅಂಟು ಆರಿದ ಮೇಲೆ ಉಳಿದೆರಡಕ್ಕೆ. ನೂಲೆಳೆಯಷ್ಟೂ ಸಂದಿ ಇರಕೂಡದು. ಬಳಿಕ ಕೀಸುಳಿಯಿಂದ ಸುತ್ತಲೂ ದುಂಡಗೆ ಕೀಸುತ್ತ ಬಂದರೆ ಬಿಳಿ ಮರದೊಳಕ್ಕೆ ನಾಲ್ಕು ಕಪ್ಪು ನಾಲಗೆಗಳು ಚಾಚಿಕೊಂಡಂತೆ ಕಾಣುತ್ತದೆ. ನಾಲಗೆಯ ತುದಿ ದುಂಡಗಿದ್ದರೆ ಕೈಕೆಲಸ, ಸೂಜಿಯಂತೆ ಚೂಪಾಗಿದ್ದರೆ ಯಂತ್ರದ ಬೆಸುಗೆ. ಕಾರಣ ಮತ್ತೆ ಶಂಕುವೇ: ಓರೆಯಾದ ಸಮತಲದ ಕಡಿತದಿಂದ ಬರುವುದು ದೀರ್ಘವೃತ್ತ, ಅದಕ್ಕೆ ಚೂಪು ಮೂಲೆ ಇರಲಾರದು.

ಇಷ್ಟಾದರೂ ಕೀಸುವ ಕೆಲಸಕ್ಕೆ ವರ್ಷ ಬೇಡ. ಕಾಯಿಸುವುದು ಮರ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲು ಬಿಗಿದು ಹಾಕಲು ಬಾರದು, ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸು. ಕಡಿದ ಮರವೂ ಉಸಿರಾಡುತ್ತದೆ ಎಂದು ಬಡಗಿಗಳು ಹೇಳುವುದು ಇದನ್ನೇ. ಉಸಿರಲ್ಲ, ತೇವ. ತೇವ ಹೋದಂತೆ ಮರ ಕುಗ್ಗುತ್ತದೆ, ಅದೂ ಎಲ್ಲ ಕಡೆಗೆ ಒಂದೇ ಸಮನಾಗಿ ಅಲ್ಲ. ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದರ ಸುಮಾರು ಇಮ್ಮಡಿ. ಆದ್ದರಿಂದಲೇ ಕೋಲು ಡೊಂಕಾಗುವುದು. ತಿಳಿದ ಕುಶಲಕರ್ಮಿ ಒಂದಿಷ್ಟು ಕೀಸಿ ಕೋಲನ್ನು ಬದಿಗಿಡುತ್ತಾನೆ. ಹೊಸದಾಗಿ ಗಾಳಿಗೆ ತೆರೆದುಕೊಂಡ ಮೈ ವಾತಾವರಣಕ್ಕೆ ಹೊಂದಿಕೊಳ್ಳಬೇಕು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುತ್ತಾನೆ. ಬಾಗಿದ್ದನ್ನು ತೆಗೆದುಹಾಕಿ, ನೆಟ್ಟಗೆ ಉಳಿದದ್ದನ್ನು ಮತ್ತೆ ಒಂದಿಷ್ಟು ಕೀಸುತ್ತಾನೆ. ಒಬ್ಬರೋ ಇಬ್ಬರೋ ದುಡಿಯುವ ಕಾರ್ಖಾನೆಯಲ್ಲಿ ಈ ಕ್ರಮ ಬಿಡದೆ ನಡೆಸಿದರೆ ಗಿರಾಕಿಗಳ ಪಟ್ಟಿ ಬೆಳೆಯದೆ ಇನ್ನೇನಾದೀತು? ಅವಸರಪಡಿಸಿದವನಿಗೆ ನೆಟ್ಟಗಿನ ಕೋಲನ್ನೇ ಕೊಡಬಹುದು. ಅದು ಅವನ ಮನೆಗೆ ಹೋಗಿ ಬಾಗುತ್ತದೆ, ಅಷ್ಟೆ.

ಹಾಗೆಂದು ದುಬಾರಿ ಕ್ಯೂ ಬಂದೊಡನೆ ಆಟ ಬಂತೆಂದು ತಿಳಿಯಬೇಕಿಲ್ಲ. ಗಣಿತದಲ್ಲಿ ಅಂಕ ಕಡಿಮೆಯಾದರೆ ಮಗನಿಗೆ ಹೊಸ ಜ್ಯಾಮಿಟ್ರಿ ಪೆಟ್ಟಿಗೆ ತರುವ ತಂದೆಯರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನು ಸಮ ಮಾಡಿಸಲು ಅಪ್ಪನೇ ಓಡುತ್ತಾನೆ. ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ 1990ರಿಂದ 1999ರ ನಡುವೆ ಏಳು ಸಲ ವಿಶ್ವ ಚಾಂಪಿಯನ್ ಆದದ್ದು ಹುಡುಗನಾಗಿದ್ದಾಗ ಸಿಕ್ಕಿದ್ದ, ಸುಮಾರು 40 ಪೌಂಡಿನ ಸಾಧಾರಣ ಕ್ಯೂ ಹಿಡಿದು. ಅದನ್ನು ಅವರು ಬದಲಿಸಲೇ ಇಲ್ಲ. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಸಾಮಾನು ಸಾಗಿಸುವಾಗ ಅದು ಸರಿಪಡಿಸಲಾಗದಂತೆ ಮುರಿಯಿತು. ಅದೇ ವರ್ಷ ನವೆಂಬರಿನಲ್ಲಿ ಅವರು ಬೇರೆ ಕೋಲಿನಿಂದಲೇ ಬ್ರಿಟಿಷ್ ಓಪನ್ ಗೆದ್ದರು, 2005ರಲ್ಲಿ ಮಾಲ್ಟಾ ಕಪ್ ಗೆದ್ದರು. ಆಮೇಲೆ ರ‍್ಯಾಂಕಿಂಗ್ ಪಂದ್ಯಾವಳಿಯೊಂದೂ ಅವರಿಗೆ ದಕ್ಕಲಿಲ್ಲ. ಕೋಲು ಮುರಿದದ್ದೇ ಕಾರಣ ಎನ್ನಲು ಬರುವುದಿಲ್ಲ. ವಯಸ್ಸು 34 ದಾಟಿತ್ತು, ಎದುರಾಳಿಗಳೂ ಬಲಿತಿದ್ದರು. ಎರಡು ಕಾರಣಗಳು ಒಟ್ಟಿಗೆ ಬಂದಾಗ ಒಂದನ್ನು ಬೇರ್ಪಡಿಸಿ ತೂಗಲು ಅಲ್ಲಿ ಪ್ರಯೋಗಶಾಲೆ ಇರುವುದಿಲ್ಲ. ಆದರೆ ಇಪ್ಪತ್ತು ವರ್ಷ ಒಂದೇ ಕೋಲಿನ ತೂಕ, ತೊನೆತ, ಸದ್ದು ಇವುಗಳಿಗೆ ಒಗ್ಗಿದ ಕೈ ಹೊಸದಕ್ಕೆ ತಡಬಡಾಯಿಸಿದ್ದರೆ ಆಶ್ಚರ್ಯವೇನು?

ಈಗ ಸರದಿಯನ್ನು ಇನ್ನಷ್ಟು ಉದ್ದವಾಗಿಸುವ ಸಂಗತಿಯೊಂದು ಮರದ ಬುಡಕ್ಕೇ ಬಂದಿದೆ. ಏಷ್ಯಾದ ಪೂರ್ವ ಭಾಗದಿಂದ ಯೂರೋಪಿಗೆ ಹೊಕ್ಕ ಶಿಲೀಂಧ್ರವೊಂದು ಆಶ್ ಮರಗಳನ್ನು ಟೊಂಗೆಯ ತುದಿಯಿಂದ ಒಣಗಿಸುತ್ತ ಬರುತ್ತಿದೆ. 1992ರಲ್ಲಿ ಪೋಲೆಂಡಿನಲ್ಲಿ ಗಮನಕ್ಕೆ ಬಂದ ಈ ರೋಗ ಬ್ರಿಟನ್ನಿಗೂ ತಗುಲಿದ್ದು 2012ರಲ್ಲಿ ಖಚಿತವಾಯಿತು. ಅಮೆರಿಕದ ಆಶ್ ತರಿಸೋಣವೆಂದರೆ ಅಲ್ಲಿ 2002ರಲ್ಲಿ ಪತ್ತೆಯಾದ ಹಸಿರು ಕೊರಕ ಹುಳು ಕೋಟ್ಯಂತರ ಮರಗಳನ್ನು ತಿಂದುಹಾಕಿದೆ. ರೋಗ ತಡೆದುಕೊಂಡು ನಿಂತ ಕೆಲವೇ ಮರಗಳಿಂದ ಕಸಿ ಮಾಡಿದ ಸುಮಾರು 3,000 ಸಸಿಗಳನ್ನು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ನೆಟ್ಟಿರುವುದಾಗಿ 2020ರಲ್ಲಿ ಪ್ರಕಟವಾಯಿತು. ಅವುಗಳ ಬೀಜದಿಂದ ಎದ್ದ ಮರ ಹಲಗೆ ಕೊಯ್ಯುವಷ್ಟು ದಪ್ಪವಾಗಲು ಇನ್ನೂ ಹಲವು ದಶಕಗಳು ಬೇಕು.