ಮಲ್ದಕಲ್ಲಿನಲ್ಲಿ ಕಂಡ ಹಳದಿ ಗೆರೆ

ರಾಯಚೂರು ಬಿಟ್ಟ ರೈಲು ಗದ್ವಾಲಿನತ್ತ ಹೊರಳಿದ ಮೇಲೆ ಕಿಟಕಿಯಾಚೆ ಹತ್ತಿಯ ಹೊಲ, ಅಲ್ಲಲ್ಲಿ ಕಲ್ಲುಗುಂಡುಗಳ ರಾಶಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವಿನ ಈ ಸೀಮೆಗೆ ನಡಿಗಡ್ಡ ಎನ್ನುತ್ತಾರೆ. ಜೊತೆಗೆ ಕೂತಿದ್ದವರು ಮಲ್ದಕಲ್ ತಿಮ್ಮಪ್ಪನ ದರ್ಶನಕ್ಕೆ ಹೊರಟವರು. ನಾನೂ ಅಲ್ಲಿಗೇ ಹೊರಟಿದ್ದೆ, ಒಂದು ನೆರಳಿನ ಜಾಡು ಹಿಡಿದು.

1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ ಚಂದ್ರನ ನೆರಳು ಜಮಖಂಡಿಯನ್ನು ಹಾದು, ಈ ನಡಿಗಡ್ಡದ ಮೇಲಿಂದ ಗುಂಟೂರು, ಮಚಲೀಪಟ್ಟಣದ ಕಡೆ ಓಡಿತ್ತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಪಾಗ್ಸನ್ ಕಾದಿದ್ದರು. ಇಲ್ಲಿಂದ ಕೃಷ್ಣೆ ದಾಟಿದರೆ ಸಿಗುವ ವನಪರ್ತಿಗೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಒಂದು ಹಳದಿ. ಸೋಡಿಯಂನದೇ ಇರಬೇಕು ಎಂದುಕೊಂಡವರುಂಟು.

ಸೋಡಿಯಂನ ಹಳದಿಯನ್ನು ಮಲ್ದಕಲ್ಲಿನ ಚಹಾದಂಗಡಿಯಲ್ಲೇ ಕಂಡೆ. ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸಿನ ಉರಿಗೆ ಬಿತ್ತು, ನೀಲಿ ಉರಿ ಭಗ್ಗನೆ ಹಳದಿಯಾಯಿತು. ಹಳೆಯ ಸಿ.ಡಿ. ಚೂರಿನಿಂದ ಮಾಡಿಕೊಂಡ ರೋಹಿತದರ್ಶಕವನ್ನು ಕಣ್ಣಿಗಿಟ್ಟೆ. ಒಂದೇ ಒಂದು ಗೆರೆ, ಅರಿಸಿನದಷ್ಟು ಗಾಢ. "ಅದರಾಗ ಏನ್ ಕಾಣ್ತದ್ರೀ ಸಾರ್?" ಎಂದಳು ಅಂಗಡಿಯಾಕೆ. "ನೀವೇ ನೋಡ್ರಿ ಅಕ್ಕಾ" ಎಂದು ಕೊಟ್ಟೆ. ಅವಳು ಇನ್ನಷ್ಟು ಉಪ್ಪು ಉದುರಿಸಿ ನೋಡಿದಳು.

ಆ ಗೆರೆಯ ಹಿಂದಿರುವುದು ಹನ್ನೊಂದು ಎಲೆಕ್ಟ್ರಾನುಗಳ ಲೆಕ್ಕ. ಸುಮ್ಮನಿರುವ ಸೋಡಿಯಂ ಪರಮಾಣುವಿನಲ್ಲಿ ಅವು ಕೆಳಗಿನಿಂದ ತುಂಬುತ್ತ ಬರುತ್ತವೆ: 1ಎಸ್² 2ಎಸ್² 2ಪಿ⁶ 3ಎಸ್¹. ಇದು ಮೂಲಸ್ಥಿತಿ. ಉರಿಯ ಕಾವಿಗೆ ಕೊನೆಯದು 3ಪಿಗೆ ಏರುತ್ತದೆ. ಎಣಿಕೆ ಹನ್ನೊಂದೇ, ಆದರೆ 3ಎಸ್ ಖಾಲಿ, ಅದಕ್ಕಿಂತ ಮೇಲಿನದರಲ್ಲಿ ಎಲೆಕ್ಟ್ರಾನು. ಕೆಳಗೆ ಜಾಗ ಉಳಿದಿರುವಾಗ ಮೇಲೊಂದು ಕೂತಿದ್ದರೆ ಅದು ಉದ್ರಿಕ್ತ ಸ್ಥಿತಿ. ಅಲ್ಲಿ ಅದರ ಬಾಳು ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಸುಮಾರು 16 ಪಾಲು. ಮತ್ತೆ ಇಳಿಯುತ್ತದೆ, ಇಳಿಯುವಾಗ 589 ನ್ಯಾನೋಮೀಟರಿನ ಹಳದಿ ಬೆಳಕು ಚೆಲ್ಲುತ್ತದೆ.

ಸೂರ್ಯನ ಗೆರೆ ಅದಲ್ಲ. ಅದೇ 1868ರ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಲಾಕಿಯರ್ ಗ್ರಹಣವಿಲ್ಲದೆಯೇ ಅದನ್ನು ಹಿಡಿದ: ಅದು ಬಿದ್ದದ್ದು 587.6ರ ಹತ್ತಿರ. ಒಂದೂವರೆ ನ್ಯಾನೋಮೀಟರಿನಷ್ಟು ಅಂತರದಿಂದ ಹೊಸದೊಂದು ಧಾತು ಹೊರಬಿತ್ತು, ಹೀಲಿಯಂ! ಭೂಮಿಯ ಮೇಲೆ ಅದು ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ.

ನನ್ನನ್ನು ಬೆರಗುಗೊಳಿಸಿದ್ದು ಇದಕ್ಕೂ ಮುಂದಿನ ಮಾತು. ಹೀಲಿಯಂನ ಮೂಲಸ್ಥಿತಿ 1ಎಸ್². ಹಳದಿ ಬೆಳಕು ಹುಟ್ಟುವುದು 1ಎಸ್¹ 3ಡಿ¹ ಎಂಬುದು 1ಎಸ್¹ 2ಪಿ¹ ಆಗುವಾಗ. ಎರಡೂ ಉದ್ರಿಕ್ತ ಸ್ಥಿತಿಗಳೇ! ಸೋಡಿಯಂ ಹಳದಿ ಚೆಲ್ಲಿ ಮೂಲಸ್ಥಿತಿಗೆ ಬಂದು ಸೇರುತ್ತದೆ. ಹೀಲಿಯಂ ಹಳದಿ ಚೆಲ್ಲಿದ ಮೇಲೂ ನಡುದಾರಿಯಲ್ಲೇ ಇರುತ್ತದೆ. ಮೂಲಸ್ಥಿತಿಯ ಸೋಡಿಯಂ ತನ್ನ ಹಳದಿಯನ್ನು ನುಂಗಬಲ್ಲದು, ಹಾಗಾಗಿ ದಿನದ ಬಿಸಿಲಿನ ರೋಹಿತದಲ್ಲೇ ಅದರ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಮೂಲಸ್ಥಿತಿಯ ಹೀಲಿಯಂಗೆ ಆ ಹಳದಿಯ ಗೊಡವೆಯೇ ಇಲ್ಲ. ಸೂರ್ಯನಲ್ಲಿ ಹೈಡ್ರೋಜನ್ ಬಿಟ್ಟರೆ ಅತಿ ಹೆಚ್ಚಿರುವ ಧಾತು ಅಷ್ಟು ಕಾಲ ಕಣ್ಣುತಪ್ಪಿಸಿಕೊಂಡಿತ್ತು. ಅದರ ಸುಳಿವು ಸಿಗಲು ಈ ಸೀಮೆಯ ಮೇಲೆ ಐದು ನಿಮಿಷಕ್ಕೂ ಮಿಕ್ಕಿ ಕತ್ತಲು ಕವಿಯಬೇಕಾಯಿತು.

ತಿಮ್ಮಪ್ಪನ ಗುಡಿ ಸುತ್ತಿ ಗದ್ವಾಲಿಗೆ ಮರಳುವ ಬಸ್ಸು ಹತ್ತಿದೆ. ನಾಳೆ ಕೃಷ್ಣೆ ದಾಟಿ ವನಪರ್ತಿಗೆ ಹೋಗುವುದು, ರಘುನಾಥಾಚಾರಿ ದೂರದರ್ಶಕ ನೆಟ್ಟ ಜಾಗವನ್ನು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದು.