ಕೊಂಡಿ ಬಿಟ್ಟ ಎಲೆ

ಟಾರ್ಚ್ ಆರಿಸಿ, ಪದಕ ತಣ್ಣಗಾದ ಮೇಲೆ ಕೊಂಡಿ ಹಿಡಿದು ಎತ್ತಿದೆ. ಕೊಂಡಿ ಕೈಗೆ ಬಂತು, ಬೆಳ್ಳಿಯ ಎಲೆ ಇಟ್ಟಿಗೆಯ ಮೇಲೇ ಉಳಿಯಿತು.

ಪುಣೆಗೆ ಬಂದು ಹನ್ನೊಂದು ವರ್ಷ. ವಾರವಿಡೀ ಲ್ಯಾಪ್‌ಟಾಪು, ಶನಿವಾರ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಈ ಮೆಟಲ್ ಕ್ಲೇ. 1990ರ ದಶಕದಲ್ಲಿ ಜಪಾನಿನಿಂದ ಬಂದದ್ದು. ಬೆಳ್ಳಿಯ ನುಣುಪು ಪುಡಿ, ನೀರು, ಅಂಟು, ಅಷ್ಟೇ. ಚಪಾತಿ ಹಿಟ್ಟಿನಂತೆ ಲಟ್ಟಿಸಬಹುದು. ಸುಟ್ಟಾಗ ಅಂಟು ಉರಿದುಹೋಗಿ, ಕಣಗಳು ಒಂದಕ್ಕೊಂದು ಕೂಡಿಕೊಂಡು ಅಪ್ಪಟ ಬೆಳ್ಳಿ ಉಳಿಯುತ್ತದೆ. ನಾನು ಬಳಸುವ ಬಗೆ ಸುಟ್ಟ ಮೇಲೆ ನೂರಕ್ಕೆ ಎಂಟು-ಹತ್ತರಷ್ಟು ಕುಗ್ಗುತ್ತದೆ.

ಅಪ್ಪ ಗದಗಿನಲ್ಲಿ ಪತ್ತಾರ. ಶೋರೂಮುಗಳು ಬಂದವು, ಕಣ್ಣು ಮಂಜಾಯಿತು, ಕೆಲಸ ನಿಂತಿತು. ಚಿಕ್ಕವಳಿದ್ದಾಗ ನಾನು ಊದುಗೊಳವೆ ಮುಟ್ಟಿದರೆ ಬೈಯುತ್ತಿದ್ದ. "ನಿನಗ್ಯಾಕ ಬೇಕವಾ ಈ ಹೊಗಿ? ಸಾಲಿ ಕಲಿ." ಕಲಿತೆ. ಈ ಹುಚ್ಚು ಹತ್ತಿ ಎರಡು ವರ್ಷವಾದರೂ ಅವನಿಗೆ ಹೇಳಿರಲಿಲ್ಲ. ಆದರೆ ಕೊಂಡಿ ಬಿಟ್ಟ ದಿನ ಬೇರೆ ಯಾರನ್ನು ಕೇಳಲಿ? ವಿಡಿಯೊ ಕಾಲ್ ಮಾಡಿ ಎರಡೂ ತುಂಡು ತೋರಿಸಿದೆ. ಬಹಳ ಹೊತ್ತು ಮಾತಿಲ್ಲ.

"ಬಿಳಿಗಾರ ಹಾಕಿದ್ದೇನು?"

"ಇಲ್ಲಪ್ಪಾ. ಬೆಸುಗಿನೂ ಇಲ್ಲ. ಅದನ್ನ ನೀರಾಗ ಕಲಸಿ ಹಚ್ಚೋದು."

ಅಪ್ಪನ ಬೆಸುಗೆಯಲ್ಲಿ ಎರಡು ತುಂಡಿನ ನಡುವೆ ಮೂರನೆಯದೊಂದು ಇರುತ್ತಿತ್ತು. ಬೆಳ್ಳಿಗಿಂತ ಬೇಗ ಕರಗುವ ಮಿಶ್ರಲೋಹದ ಚೂರು. ಅದು ಕರಗಿ ಸಂದಿಯೊಳಗೆ ಓಡಬೇಕು. ನನ್ನದರಲ್ಲಿ ಮೂರನೆಯದಿಲ್ಲ. ಒಣಗಿದ ಎರಡೂ ಮುಖವನ್ನು ಸೂಜಿಯಿಂದ ಗೀರಿ, ತೇವ ಮಾಡಿ, ಮೊಸರಿನ ಹದಕ್ಕೆ ಕಲಸಿದ ಅದೇ ಕ್ಲೇ ಹಚ್ಚಿ, ಅದು ಅಂಚಿನಿಂದ ಉಕ್ಕುವಷ್ಟು ಒತ್ತಿ ಹಿಡಿಯಬೇಕು. ಒಣಗಿದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಮತ್ತೆ ತುಂಬಬೇಕು. ಬೆಂಕಿಯಲ್ಲಿ ಅದು ಮುಚ್ಚಿಕೊಳ್ಳುವುದಿಲ್ಲ, ಬೆಳ್ಳಿ ಕುಗ್ಗುತ್ತ ಇನ್ನಷ್ಟು ಬಾಯಿ ಬಿಡುತ್ತದೆ.

ಇದನ್ನೆಲ್ಲ ವಿವರಿಸಿದೆ. ಅಪ್ಪ ಪರದೆಗೆ ಮೂಗು ಹಚ್ಚಿ ನೋಡಿದ.

"ಕೊಂಡಿ ಗೀರೀದಿ. ಎಲಿ ನುಣ್ಣಗ ಐತಲ್ಲ?"

ನಿಜ. ಎಲೆಯ ಅಂದ ಕೆಟ್ಟೀತೆಂದು ಆ ಕಡೆ ಗೀರಿರಲಿಲ್ಲ. ಮಂಜಾದ ಕಣ್ಣಿಗೆ ಅದು ಹೇಗೆ ಕಂಡಿತೋ!

"ಅವಸರನೂ ಮಾಡೀದಿ."

ಅದೂ ನಿಜ. ಸಂಜೆ ಯಾರದೋ ಮನೆಯ ಊಟಕ್ಕೆ ಹೊರಡುವುದಿತ್ತು.

ಮುಂದಿನ ಶನಿವಾರ ಹೊಸ ಎಲೆ, ಹೊಸ ಕೊಂಡಿ. ಎರಡೂ ಕಡೆ ಗೀರಿದೆ. ಒಣಗಿತೆನಿಸಿದಾಗ ಬೆಚ್ಚಗೆ ಮಾಡಿ ಸ್ಟೀಲ್ ತಟ್ಟೆಯ ಮೇಲಿಟ್ಟು ಎತ್ತಿದೆ. ತಟ್ಟೆಯ ಮೇಲೆ ಆವಿ ಕೂತಿತ್ತು, ಅಂದರೆ ಒಳಗಿನ್ನೂ ತೇವ. ಸುಡುವುದನ್ನು ಮರುದಿನಕ್ಕೆ ಬಿಟ್ಟೆ. ಭಾನುವಾರ ಮೊದಲು ತುಸು ಹೊಗೆ, ಸಣ್ಣ ಜ್ವಾಲೆ, ಆಮೇಲೆ ಎಲೆಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತು. ಆರಿದ ಮೇಲೆ ಕೊಂಡಿ ಎಳೆದು ನೋಡಿದೆ. ಬಿಡಲಿಲ್ಲ.

ಫೋಟೊ ಕಳಿಸಿದೆ. ರಾತ್ರಿ ಅಪ್ಪನ ಧ್ವನಿ ಸಂದೇಶ ಬಂತು.

"ಎಲ್ಲಿ ಕೂಡಿಸೀದಿ, ಕಾಣವಲ್ದು. ತೂಕ ಎಷ್ಟಾತು?" ಕೆಮ್ಮಿದ. "ನನ್ನ ಸಣ್ಣ ಅರ ಟ್ರಂಕಿನ್ಯಾಗ ಅದಾವ. ತುಕ್ಕ ಹಿಡದಿರಬೇಕು. ಊರಿಗೆ ಬಂದಾಗ ಒಯ್ಯಿ."